ನೀಲವ್ವನ ಬುರುಜು

"ಏ ರಂಡೆ, ಆ ಮೂಲಿ ಯಾರ ಸಾರಸ್ತಾರ? ನಿಮ್ಮಪ್ಪ ಬಂದ ಸಾರಸ್ತಾನೇನ?"

ವಾಡೆಯ, ಅಂದರೆ ಧಣಿಯ ಕೋಟೆಯಂಥ ಮನೆಯ, ಕಾರಭಾರಿ ನಿತಿನ ಪಡಸಾಲೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು, ಬೂಟಿನ ತುದಿಯಿಂದ ಮೂಲೆ ತೋರಿಸಿದ. ನಾನು ಸಗಣಿಯ ಬಕೀಟು ಎಳೆದುಕೊಂಡು ಅತ್ತ ಸರಿದೆ. ನಮ್ಮಪ್ಪ ಮಣ್ಣಾಗಿ ಎಷ್ಟೋ ವರ್ಷವಾಯಿತು. ಅವನು ಎದ್ದು ಬಂದು ಸಾರಿಸುವುದಾಗಿದ್ದರೆ ಮೊದಲು ಈ ನಿತಿನನ ಬಾಯಿಗೇ ಸಾರಿಸುತ್ತಿದ್ದ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕೇರಿಯ ಹೆಂಗಸರೆಲ್ಲ ಬೆಳಗಿನಿಂದ ಅಲ್ಲೇ ಇದ್ದೆವು. ಕೆಲವರು ಬಾವಲಿ ಹಿಕ್ಕೆ ಬಳಿದು ತೆಗೆಯುತ್ತಿದ್ದರು, ಕೆಲವರು ಅಂಗಳದ ಕರಿಕೆ ಹುಲ್ಲು ಕೀಳುತ್ತಿದ್ದರು. ಕಬ್ಬು ಕಡಿಯುವ ಹಂಗಾಮು, ಹೊಲದಲ್ಲಿ ಕೈತುಂಬ ಕೆಲಸ. ಆದರೂ ಬಿಟ್ಟು ಬಂದಿದ್ದೆವು. ವಾಡೆ ಕರೆದರೆ ಕೇರಿ ಹೋಗಬೇಕು, ಕೂಲಿ ಕೇಳಬಾರದು. ನಮ್ಮೂರಿನ ರೀತಿಯೇ ಅದು.

ಮರುದಿನ ಹಳೆಯ ಕಟ್ಟಡಗಳನ್ನು ನೋಡುವ ಮೇಡಂ ಒಬ್ಬರು ಬರುವವರಿದ್ದರು. ಅವರು ಬಂದು ನೋಡಿ, ವಾಡೆ ಉಳಿಯಬೇಕೋ ಕೆಡವಬೇಕೋ ಹೇಳುವವರಿದ್ದರು. ವಾಡೆ ಉಳಿದರೆ ನಾವು ಉಳಿಯುವುದಿಲ್ಲ. ನಾವು ಅದನ್ನು ತಿಳಿದೇ ಅದಕ್ಕೆ ಸಗಣಿ ಸಾರಿಸುತ್ತಿದ್ದೆವು. ನಮ್ಮ ಹಣೆಬರಹ ನೋಡಿ.

ಯಾಕೆ ಅಂದರೆ, ನಮ್ಮೂರು ಏಕಸಂಬಿಯ ಆಚೆ, ದೂಧಗಂಗೆಯ ದಂಡೆಗಿದೆ. ಕಾರ್ಖಾನೆಗೆ ಕಬ್ಬು ಹೊತ್ತು ಹೋಗುವ ಜೋಡು ಟ್ರೇಲರುಗಳು ವಾಡೆಯ ಮೂಡಣ ಬುರುಜಿನ ತಿರುವಿನಲ್ಲಿ ಪ್ರತಿ ವರ್ಷ ಸಿಕ್ಕಿಬೀಳುತ್ತವೆ, ಪಲ್ಟಿಯಾಗುತ್ತವೆ. ಅದಕ್ಕೇ ಹೊಸ ಅಗಲವಾದ ರಸ್ತೆ ಮಂಜೂರಾಯಿತು. ಎಂಜಿನಿಯರು ಬಂದು ಎರಡು ದಾರಿ ಗುರುತು ಮಾಡಿದ. ಒಂದು, ಆ ಬುರುಜನ್ನೂ ವಾಡೆಯ ಮುಂದಿನ ಗೋಡೆಯನ್ನೂ ಕೆಡವಿ ನೆಟ್ಟಗೆ ಹೋಗುವುದು. ಇನ್ನೊಂದು, ಬುರುಜನ್ನು ಬಿಟ್ಟು ಸುತ್ತುಹಾಕಿ ನಮ್ಮ ಕೇರಿಯ ನಡುವೆ ಹೋಗುವುದು. ಊರವರು ಹೊಲಗೇರಿ ಅನ್ನುತ್ತಾರೆ, ಸರಕಾರದ ಬೋರ್ಡಿನಲ್ಲಿ ಯಾವುದೋ ನಗರ ಅಂತ ಬರೆದಿದ್ದಾರೆ, ನಾವು ಬರೇ ಕೇರಿ ಅನ್ನುತ್ತೇವೆ. ನಲವತ್ತು ಮನೆ. ಎಲ್ಲ ಮನೆಯ ಗೋಡೆಗೂ ಕೆಂಪು ಬಣ್ಣದ ಗುರುತು ಬಿತ್ತು. ಬುರುಜಿಗೂ ಬಿತ್ತು. ವಾಡೆಯ ಧಣಿ ರಾವಸಾಹೇಬ ಅದೇ ದಿನ ಬುರುಜಿಗೆ ಸುಣ್ಣ ಹೊಡೆಸಿ ಗುರುತು ಮುಚ್ಚಿಸಿದ. ನನ್ನ ತಮ್ಮ ಉತ್ತಮ ನಮ್ಮ ಗೋಡೆಯ ಗುರುತು ಅಳಿಸಲು ಹೋದ. ಅದು ಸರಕಾರದ ಬಣ್ಣ ಅಂತ ನಿತಿನ ಅವನ ಕಪಾಳಕ್ಕೆ ಬಾರಿಸಿದ.

ಮನೆ ಹೋದವರಿಗೆ ಬೇರೆ ಜಾಗ ಕೊಡುತ್ತಾರಂತೆ. ಎಲ್ಲಿ ಅಂದರೆ, ಹೊಳೆದಂಡೆಯ ಸವಳು ನೆಲದಲ್ಲಿ. ಅಲ್ಲಿ ಹುಲ್ಲೂ ನೆಟ್ಟಗೆ ಬೆಳೆಯುವುದಿಲ್ಲ. ಹೊಳೆ ಬಂದ ವರ್ಷ ಬೇಲಿಯ ಕಂಬದ ತುದಿಯೂ ಕಾಣುವುದಿಲ್ಲ. ರಾವಸಾಹೇಬ ಪಂಚಾಯತಿ ಕಟ್ಟೆಯ ಮೇಲೆ ನಿಂತು, ನದಿಯ ಗಾಳಿ ಆರೋಗ್ಯಕ್ಕೆ ಚಲೋ ಅಂತ ನಮಗೆ ಬುದ್ಧಿ ಹೇಳಿದ್ದ. ಅವನ ಲೆಕ್ಕವೇ ಬೇರೆ. ವಾಡೆಗೆ ಐತಿಹಾಸಿಕ ಅನ್ನುವ ಮುದ್ರೆ ಬಿದ್ದರೆ ಮದುವೆಗೆ, ಫೋಟೋಶೂಟಿಗೆ ಬಾಡಿಗೆ ಕೊಡಬಹುದು. ಎದುರಿಗೇ ಹೊಸ ರಸ್ತೆ, ಕೊಲ್ಲಾಪುರದ ಕಾರುಗಳು ಬಾಗಿಲಿಗೇ ಬಂದು ನಿಲ್ಲುತ್ತವೆ. ನಡುವೆ ಕಣ್ಣಿಗೆ ಚುಚ್ಚುವ ನಮ್ಮ ಕೇರಿ ಇರುವುದಿಲ್ಲ.

ಮಧ್ಯಾಹ್ನ ನಿತಿನ ನಮ್ಮ ಅತ್ತೆ ಕೆಂಚವ್ವನನ್ನು ಕರೆದ. ಕೆಂಚವ್ವ ಅಂದರೆ ನಮ್ಮಪ್ಪನ ಅಕ್ಕ, ಕೇರಿಗೇ ಹಿರಿಯಳು. ನಾಳೆ ಮೇಡಂ ಎದುರು ನೀಲವ್ವನನ್ನು ಕರೆಯುವ ಶಾಸ್ತ್ರ ಮಾಡಬೇಕು, ಧಣಿಯ ಅಪ್ಪಣೆಯಾಗಿದೆ ಅಂದ. ಅತ್ತೆ ಕೈಯ ಮಣ್ಣು ಒರೆಸಿಕೊಳ್ಳುತ್ತ ಆಗುವುದಿಲ್ಲ ಅಂದಳು.

"ಪಂಚಮಿ ಇಲ್ದ ಹೆಂಗ ಕರೀಲಿ? ಮಗಳನ್ನ ಕರಿಯೂದ ಆಟ ಅಲ್ಲ."

"ಕರೀ ಅಂದ್ರ ಕರೀಬೇಕ, ಬೊಗಳ ಅಂದ್ರ ಬೊಗಳಬೇಕ," ಅಂದ ನಿತಿನ. "ಮಗಳಂತ ಮಗಳು. ಗೋಡ್ಯಾಗಿನ ಎಲವಿಗೆ ಎಷ್ಟ ಸೊಕ್ಕ ನೋಡ ನಿಮ್ದು."

ನೀಲವ್ವ ನಮ್ಮ ಮನೆಯ ಮಗಳು. ವಾಡೆ ಕಟ್ಟಿಸುವಾಗ ಮೂಡಣ ಬುರುಜು ನಿಲ್ಲಲೇ ಇಲ್ಲವಂತೆ, ಕಟ್ಟಿದಂತೆಲ್ಲ ಕುಸಿಯಿತಂತೆ. ಕೇರಿಯ ತುಂಬು ಬಸುರಿಯನ್ನು ಬಲಿ ಕೇಳುತ್ತಿದೆ ಅಂತ ಯಾವನೋ ಭಟ್ಟ ಪಂಚಾಂಗ ಬಿಚ್ಚಿ ಹೇಳಿದನಂತೆ. ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದ ನೀಲವ್ವನನ್ನು ಬುರುಜಿನಲ್ಲಿಟ್ಟು ಗೋಡೆ ಕಟ್ಟಿದರು. ಬದಲಿಗೆ ನಮ್ಮ ಮನೆಗೆ ಹೊಳೆಸಾಲಿನ ಒಂದು ಹೊಲ ಇನಾಮು ಕೊಟ್ಟರು. ಆ ಹೊಲದಲ್ಲಿ ಈಗ ರಾವಸಾಹೇಬನ ದ್ರಾಕ್ಷಿ ಇದೆ, ಅದಕ್ಕೆ ಔಷಧ ಹೊಡೆಯಲು ಉತ್ತಮ ಕೂಲಿಗೆ ಹೋಗುತ್ತಾನೆ.

ಬುರುಜಿನೊಳಗೆ ಹೋದಮೇಲೆ ನೀಲವ್ವ ವಾಡೆಗೆ ಕೊಟ್ಟ ಹೆಣ್ಣಾದಳು. ಕೊಟ್ಟ ಹೆಣ್ಣನ್ನು ಪಂಚಮಿಗೆ ತವರಿನವರು ಕರೆಯಬೇಕು. ಅದಕ್ಕೇ ಪ್ರತಿ ನಾಗರಪಂಚಮಿಗೆ ನಮ್ಮ ಮನೆಯ ಹೆಂಗಸರು ಜೋಳದ ಅಳ್ಳು, ತಂಬಿಟ್ಟಿನ ಉಂಡೆ, ಕುಪ್ಪಸಕ್ಕೆಂದು ಒಂದು ಹಸಿರು ಖಣ ತಗೊಂಡು ಬುರುಜಿನ ಎದುರು ನಿಲ್ಲುತ್ತಾರೆ. ಕುಂಕುಮ ಮೆತ್ತಿದ ಒಂದು ಕಲ್ಲು ಅಲ್ಲಿದೆ. ಮಗಳನ್ನ ಕರಿಯಾಕ ಬಂದೇವ್ರಿ, ಹಬ್ಬ ಬಂತು, ಕಳಿಸಿಕೊಡ್ರಿ ಅನ್ನುತ್ತಾರೆ. ವಾಡೆಯ ಹಿರಿಯ ಹೆಂಗಸು ಮೇಲಿನ ಕಿಟಕಿಯಿಂದ, ಈ ವರ್ಸ ಮನ್ಯಾಗ ಕೆಲಸ ಭಾಳ ಐತಿ, ಬರೂ ವರ್ಸ ಕಳಸ್ತೀವು ಅನ್ನುತ್ತಾಳೆ. ನಮ್ಮವರು ಉಡಿ ತುಂಬುವ ಸಾಮಾನನ್ನು ಆ ಕಲ್ಲಿನೆದುರು ಇಟ್ಟು, ಅತ್ತು, ವಾಪಸು ಬರುತ್ತಾರೆ. ನಾನು ಹುಟ್ಟಿದಾಗಿನಿಂದ ಆ ಉತ್ತರ ಹೇಳುತ್ತಿದ್ದವಳು ರಾವಸಾಹೇಬನ ತಾಯಿ, ಎಲ್ಲರೂ ಆಯಿಸಾಹೇಬ ಅನ್ನುತ್ತಾರೆ. ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ ಹೇಳುತ್ತಿದ್ದಳು. ಒಮ್ಮೆ ಹೇಳಿ ಮುಗಿಸಿ ಕಿಟಕಿಯಿಂದಲೇ ಉಗುಳಿದಳು, ಅದು ನಮ್ಮವ್ವನ ಸೆರಗಿಗೆ ಬಿತ್ತು. ಇದೆಲ್ಲ ಹೆಂಗಸರ ಶಾಸ್ತ್ರ. ವಾಡೆಯ ಗಂಡಸರು ಯಾರೂ ಒಂದು ಸಲವೂ ಬಂದು ನಿಂತು ಕೇಳಿದವರಲ್ಲ.

ಮರುದಿನ ಮೇಡಂ ಬಂದರು. ಮಯೂರಿ ಅಂತ ಹೆಸರು, ನೂಲಿನ ಸೀರೆ, ಮೆತ್ತಗಿನ ಮಾತು, ಬೆಂಗಳೂರು ಕಡೆಯ ಕನ್ನಡ. ಜೊತೆಗೆ ಎಂಜಿನಿಯರು ಮತ್ತು ಕ್ಯಾಮರಾ ಹಿಡಿದ ಒಬ್ಬ ಹುಡುಗ. ಅವರಿಗೆಲ್ಲ ಪಡಸಾಲೆಯಲ್ಲಿ ಕುರ್ಚಿ, ಏಲಕ್ಕಿ ಹಾಕಿದ ಹಾಲು. ನಮ್ಮನ್ನು ಅಂಗಳದ ಬಿಸಿಲಲ್ಲಿ ಕೂರಿಸಿದರು. ಮೇಡಂ ಕೆಳಗಿಳಿದು ಬಂದು ನನ್ನ ಹೆಸರು ಕೇಳಿದರು. ಶೇವಂತಾ ಅಂದೆ. ಚೆಂದದ ಹೆಸರು ಅಂದರು. ಇಂಥವರ ಮೇಲೆ ಸಿಟ್ಟಾಗಲು ಬರುವುದಿಲ್ಲ, ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ರಾವಸಾಹೇಬ ಕೇಸರಿ ಫೇಟಾ ಸುತ್ತಿಕೊಂಡು ವಾಡೆ ತೋರಿಸುತ್ತ ನಡೆದ. ನಾಲ್ಕು ದಿಕ್ಕಿಗೆ ನಾಲ್ಕು ಬುರುಜು, ಇಷ್ಟು ಗಟ್ಟಿ ಕಟ್ಟಡ ಈ ಸೀಮೆಯಲ್ಲೇ ಇಲ್ಲ ಅಂದ. ಮೂಡಣ ಬುರುಜಿಗೆ ಬಂದಾಗ ಅವನ ದನಿ ಭಜನೆಯವರ ದನಿಯಾಯಿತು. ನೀಲವ್ವ ತಾನೇ ಮುಂದೆ ಬಂದಳಂತೆ, ಊರು ಉಳಿಯಲಿ ಅಂದಳಂತೆ, ಕೈತುಂಬ ಬಳೆ ಇಟ್ಟುಕೊಂಡು ನಗುನಗುತ್ತ ಬುರುಜಿನೊಳಗೆ ನಡೆದಳಂತೆ. ಇವರ ಕೇರಿಗೆ ಇವತ್ತಿಗೂ ಅದರ ಹೆಮ್ಮೆ ಇದೆ, ಈ ಬುರುಜು ಕೆಡವಿದರೆ ಮೊದಲು ಎದೆ ಒಡೆಯುವುದು ಈ ಬಡವರದು ಅಂದ. ಮೇಡಂ ಕಣ್ಣಲ್ಲಿ ನೀರು ಬಂತು. ಎಂಜಿನಿಯರು ತಲೆಯಾಡಿಸಿದ. ಹಾಗಾದರೆ ಆ ಕಡೆಯ ದಾರಿಯೇ ಸರಿ ಅಂತ ನಮ್ಮ ಕೇರಿಯ ಕಡೆ ಕೈಮಾಡಿ ತೋರಿಸಿದ.

ಆಮೇಲೆ ನಿತಿನ ಚಪ್ಪಾಳೆ ತಟ್ಟಿ ನಮ್ಮನ್ನು ಎಬ್ಬಿಸಿದ. ಕೆಂಚವ್ವ ಅಳ್ಳಿನ ತಾಟು ಹಿಡಿದು ಬುರುಜಿನ ಎದುರು ನಿಂತಳು. ಅವಳಿಗೆ ಮನಸ್ಸಿರಲಿಲ್ಲ. ಆದರೆ ಬಾಯಿ ತೆರೆದ ಮೇಲೆ ಅವಳ ದನಿಯಲ್ಲಿ ನಾಟಕ ಇರಲಿಲ್ಲ, ಯಾವತ್ತಿನಂತೆಯೇ ಅದು ನಡುಗಿತು. ಮಗಳನ್ನು ಕಳಿಸಿಕೊಡಿ ಅಂತ ಕೇಳಿದಳು.

ಉತ್ತರ ಹೇಳಬೇಕಾದ ಆಯಿಸಾಹೇಬ ಸೊಂಟ ಮುರಿದುಕೊಂಡು ಮೇಲಿನ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಅವಳು ಕಿಟಕಿಯ ಸರಳು ಹಿಡಿದು ಬಾಯಿ ತೆರೆದದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ರಾವಸಾಹೇಬ ಕ್ಯಾಮರಾದ ಕಡೆ ಒಮ್ಮೆ ನೋಡಿ, ಫೇಟಾ ಸರಿಮಾಡಿಕೊಂಡು, ತಾನೇ ಮುಂದೆ ಬಂದು ಕೈ ಎತ್ತಿದ.

"ಕರ್ಕೊಂಡ ಹೋಗ್ರಿ," ಅಂದ. "ನಿಮ್ಮ ಮಗಳು, ಖುಷಿಲೆ ಕರ್ಕೊಂಡ ಹೋಗ್ರಿ. ಈ ವಾಡೆ ಯಾವತ್ತೂ ಇಲ್ಲ ಅನ್ನೂದಿಲ್ಲ."

ಕೆಂಚವ್ವನ ಕೈಯಲ್ಲಿದ್ದ ತಾಟಿನಿಂದ ಅಳ್ಳು ಚೆಲ್ಲಿತು. ನಮ್ಮ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮ ಮುತ್ತಜ್ಜಿಯರ ಮುತ್ತಜ್ಜಿಯರು ಕೇಳಿದಾಗಲೂ ವಾಡೆಯಿಂದ ಬಾರದ ಮಾತು ಅದು. ಕೆಂಚವ್ವ, ಧಣ್ಯಾರ, ಇನ್ನೊಮ್ಮಿ ಹೇಳ್ರಿ ಅಂದಳು. ರಾವಸಾಹೇಬ ಕ್ಯಾಮರಾಕ್ಕೆ ಸರಿಯಾಗಿ ಬರಲಿಲ್ಲವೇನೋ ಅಂದುಕೊಂಡ. ಕ್ಯಾಮರಾದ ಹುಡುಗನಿಗೆ ಸನ್ನೆ ಮಾಡಿ, ಗಂಟಲು ಸರಿಮಾಡಿಕೊಂಡು, ಮೊದಲಿಗಿಂತ ಜೋರಾಗಿ ಅದನ್ನೇ ಹೇಳಿದ.

"ರಾವ್ಯಾ, ಕಾಯ ಬೋಲಲಾಸ ರೇ!" ಅಂತ ಮೇಲಿನಿಂದ ಆಯಿಸಾಹೇಬ ಮರಾಠಿಯಲ್ಲಿ ಚೀರಿದಳು. ಎಂಥಾ ಮಾತಾಡಿದೆಯೋ ಅಂತ ಎದೆ ಬಡಿದುಕೊಂಡಳು. ಏನಾಯಿತು ಅಂತ ಮೇಡಂ ಕೇಳಿದರು. ಆಯಿಗೆ ವಯಸ್ಸಾಗಿದೆ, ಭಾವುಕರಾಗಿದ್ದಾರೆ ಅಂತ ರಾವಸಾಹೇಬ ನಕ್ಕ. ಎಂಥ ಸುಂದರ ಪದ್ಧತಿ ಅಂತ ಮೇಡಂ ಹೇಳಿದರು. ಅಳತೆಯ ಕೆಲಸ ಇನ್ನೂ ಉಳಿದಿದೆ, ನಾಳೆ ಬೆಳಿಗ್ಗೆ ಮತ್ತೆ ಬರುತ್ತೇವೆ ಅಂತ ಹೇಳಿ ಹೋದರು.

ನಾವು ನೇರ ಕೇರಿಗೆ ಬಂದೆವು. ಸಮುದಾಯ ಭವನದ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ಗಂಡಸರಿಗೆ ವಿಷಯ ಹೇಳಿದ ಕೂಡಲೇ ಗದ್ದಲವಾಯಿತು. ಅವನು ಕ್ಯಾಮರಾಕ್ಕೆ ಆಡಿದ ಮಾತು, ಅದನ್ನು ಹಿಡಿದುಕೊಂಡು ಏನು ಮಾಡುತ್ತೀರಿ ಅಂತ ಕೆಲವರು ಕೇಳಿದರು. ಉತ್ತಮನಿಗಂತೂ ಹೆದರಿಕೆ. ಬುರುಜಿನ ಕಲ್ಲಿಗೆ ಕೈ ಹಚ್ಚಿದರೆ ಕೇಸು ಹಾಕುತ್ತಾರೆ, ಮನೆ ಹೋದರೂ ಜೀವ ಉಳಿಯುತ್ತದೆ, ಸವಳು ನೆಲವೇ ಗತಿ ಅಂದ. ನನಗೆ ಅವನ ಇನ್ನೊಂದು ಕಪಾಳಕ್ಕೆ ನಾನೇ ಬಾರಿಸಬೇಕು ಅನ್ನಿಸಿತು.

ನಾನು ಗಂಡನ ಮನೆ ಬಿಟ್ಟು ಬಂದವಳು. ಗಡಹಿಂಗ್ಲಜದ ಹತ್ತಿರ ನನ್ನನ್ನು ಕೊಟ್ಟಿದ್ದರು. ಗಂಡ ಹಗ್ಗದಲ್ಲಿ ಹೊಡೆಯುತ್ತಿದ್ದ. ಸುದ್ದಿ ತಿಳಿದು ಕೆಂಚವ್ವ ಒಬ್ಬಳೇ ಬಸ್ಸು ಹತ್ತಿ ಬಂದು ನನ್ನ ಗಂಡನ ಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟಳು. ಬೈದರೂ ಏಳಲಿಲ್ಲ, ನೀರು ಸುರಿದರೂ ಏಳಲಿಲ್ಲ. ಕಡೆಗೆ ಅವರೇ ರೋಸಿ, ಕರ್ಕೊಂಡು ಹೋಗೇ ನಿನ್ನ ಹುಡುಗಿಯನ್ನ ಅಂದರು. ಆ ಮಾತು ಅವರ ಬಾಯಿಂದ ಬೀಳುವ ಮೊದಲೇ ಅವಳು ನನ್ನ ಕೈ ಹಿಡಿದು ಅಂಗಳ ದಾಟಿಸಿದ್ದಳು. ಅದನ್ನು ನಾನು ಹೇಗೆ ಮರೆಯಲಿ.

ಎಲ್ಲರ ಮಾತು ಮುಗಿದ ಮೇಲೆ ಕೆಂಚವ್ವ ಎದ್ದು ನಿಂತಳು.

"ಇಷ್ಟ ದಿನ ಅವ್ರ ಕಳಸಲಿಲ್ಲ, ಅದ ಅವ್ರ ಪಾಪ," ಅಂದಳು. "ಇವತ್ತ ಕಳಸ್ತೀವಿ ಅಂದಾರ. ಇನ್ನ ನಾವ ತರಲಿಲ್ಲಂದ್ರ ಅದ ನಮ್ಮ ಪಾಪ. ನಾನಂತೂ ಹೋಗಾಕಿ. ಯಾರ ಬರತೀರಿ ಬರ್ರಿ."

ನಾನು ಎಲ್ಲರೆದುರು ಉಳಿದದ್ದನ್ನು ಬಿಡಿಸಿ ಹೇಳಿದೆ. ಬುರುಜು ನಿಂತರೆ ನಮ್ಮ ಮನೆಗಳು ಬೀಳುತ್ತವೆ. ಬುರುಜು ಬಿದ್ದರೆ ರಸ್ತೆ ನೆಟ್ಟಗೆ ಹೋಗುತ್ತದೆ, ಮೇಡಂ ಕಾಪಾಡಲು ಅಲ್ಲಿ ಏನೂ ಉಳಿದಿರುವುದಿಲ್ಲ. ನಿಜ ಹೇಳಬೇಕೆಂದರೆ ಕೆಂಚವ್ವನಿಗೆ ಮಗಳು ಬೇಕಿತ್ತು, ನನಗೆ ಬುರುಜು ಬೀಳಬೇಕಿತ್ತು. ನಮ್ಮವ್ವನ ಸೆರಗಿನ ಮೇಲಿನ ಉಗುಳು ನನ್ನ ಹೊಟ್ಟೆಯಲ್ಲಿ ಇನ್ನೂ ಒಣಗಿರಲಿಲ್ಲ. ರಾವಸಾಹೇಬನ ಮುಖ ಕಪ್ಪಿಡುವುದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು.

ಬೆಳಿಗ್ಗೆ ಇಡೀ ಕೇರಿ ಹೊರಟಿತು. ಹೆಂಗಸರ ಕೈಯಲ್ಲಿ ಅಕ್ಕಿ, ಖಣ, ಉಂಡೆ. ಗಂಡಸರ ಕೈಯಲ್ಲಿ ಹಾರೆ, ಗುದ್ದಲಿ, ಸಲಿಕೆ. ಮುಂದೆ ಹಲಗೆ ಬಾರಿಸುವವರು. ಊರವರ ಹೆಣಕ್ಕೆ, ಊರವರ ದೇವರಿಗೆ ಬಾರಿಸುವ ಹಲಗೆ ಅದು, ಅವತ್ತು ನಮ್ಮ ಕೆಲಸಕ್ಕೆ ಬಾರಿಸಿತು. ಊರಿನ ಮಂದಿ ಬಾಗಿಲಿಗೆ ಬಂದು ನೋಡಿದರು. ನಮ್ಮಂತೆಯೇ ವಾಡೆಗೆ ಬಿಟ್ಟಿ ದುಡಿಯುವ ಮಾದರ ಓಣಿಯವರು, ಬುಟ್ಟಿ ಹೆಣೆಯುವ ಕೊರವರ ಓಣಿಯವರು ಏನೆಂದು ನೋಡಲು ನಮ್ಮ ಹಿಂದೆಯೇ ಬಂದರು.

ರಾವಸಾಹೇಬ ಬುರುಜಿನ ಎದುರು ನಮ್ಮ ದಾರಿ ಕಾಯುತ್ತಲೇ ನಿಂತಿದ್ದ. ರಾತ್ರಿಯೆಲ್ಲ ತಾಯಿ ಅವನಿಗೆ ಪಾಠ ಹೇಳಿಕೊಟ್ಟಿದ್ದಾಳೆ ಅನ್ನುವುದು ಮುಖದ ಮೇಲೇ ಬರೆದಿತ್ತು. ಕೆಂಚವ್ವ ಬಾಯಿ ತೆರೆಯುವ ಮೊದಲೇ ಶಾಲೆಯ ಹುಡುಗ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದ.

"ಈ ವರ್ಸ ಮನ್ಯಾಗ ಕೆಲಸ ಭಾಳ ಐತಿ. ಬರೂ ವರ್ಸ ಕಳಸ್ತೀವು."

"ಅದನ್ನ ನಿನ್ನೆ ಅನಬೇಕಿತ್ರಿ ಧಣ್ಯಾರ," ಅಂದಳು ಕೆಂಚವ್ವ. "ನಿನ್ನೆ ಕೊಟ್ಟಿರಿ. ಅದೂ ಎರಡ ಸಲ."

ನಮ್ಮ ಮಂದಿ ಕಿಸಕ್ಕನೆ ನಕ್ಕರು. ವಾಡೆಯ ಎದುರು ಕೇರಿ ನಕ್ಕದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ರಾವಸಾಹೇಬ ಕೆಂಪಗಾದ. ನಾಲಿಗೆ ಮೇಲೆ ಹಿಡಿತ ಹೋಯಿತು. ಹುಟ್ಟಿಗೆ ನೆಟ್ಟಗಿಲ್ಲದವರು, ನನ್ನ ಅನ್ನ ತಿಂದು ನನ್ನ ಗೋಡೆ ಒಡೆಯಲು ಬಂದಿದ್ದೀರಾ ಅಂತ ತಾಯಿ ಅಕ್ಕ ಎಲ್ಲ ಸೇರಿಸಿ ಬೈದ. ಕ್ಯಾಮರಾ ಸಲುವಾಗಿ ಮಾಡಿದ ನಾಟಕ ಅದು ಅಂತ ಕೂಗಿದ. ನಾನು ಕೆಂಚವ್ವನ ಪಕ್ಕಕ್ಕೆ ಬಂದು ನಿಂತೆ.

"ನಿಮಗ ನಾಟಕಾ ಇರಬೌದ್ರಿ," ಅಂದೆ. "ನಮಗ ಮಗಳು."

ನಿತಿನ ಬಡಿಗೆ ಎತ್ತಿಕೊಂಡು ಬಂದ. ಅಷ್ಟರಲ್ಲಿ ಮೇಡಂ ಕಾರು ಬಂದು ನಿಂತಿತು. ಅವರೆದುರು ಹೊಡೆಯುವಂತಿಲ್ಲ, ಅವನ ಕೈ ಅಲ್ಲೇ ನಿಂತಿತು. ಮೇಡಂ ಇಳಿದು ಓಡಿ ಬಂದರು. ವಿಷಯ ಕೇಳಿ ಗಾಬರಿಯಾದರು. ದಯವಿಟ್ಟು ತಾಳಿ, ಇದು ಪುರಾತನ ಕಟ್ಟಡ, ಒಂದು ಕಲ್ಲನ್ನೂ ಅಲುಗಿಸಬಾರದು ಅಂತ ನನ್ನ ಕೈ ಹಿಡಿದು ಬೇಡಿಕೊಂಡರು. ಕಲ್ಲು ಅಲುಗಬಾರದು ಅಂದರೆ ಒಳಗಿದ್ದವಳು ಹೊರಗೆ ಹೇಗೆ ಬರಬೇಕು ಅಂತ ಕೇಳಿದೆ. ಅವರು ನನ್ನ ಕೈ ಬಿಟ್ಟರು. ಕ್ಯಾಮರಾದ ಹುಡುಗ ಮಾತ್ರ ಕ್ಯಾಮರಾ ಇಳಿಸಲಿಲ್ಲ, ಎಲ್ಲವನ್ನೂ ಹಿಡಿಯುತ್ತಲೇ ಇದ್ದ.

ಆಗ ವಾಡೆಯ ಬಾಗಿಲು ತೆರೆಯಿತು. ಇಬ್ಬರು ಆಳುಗಳು ಆಯಿಸಾಹೇಬಳನ್ನು ಕುರ್ಚಿ ಸಮೇತ ಹೊತ್ತು ತಂದರು. ಮುದುಕಿ ನಮ್ಮ ಕಡೆ ಕಣ್ಣೆತ್ತಿಯೂ ನೋಡದೆ ಮಗನನ್ನು ನೋಡಿದಳು.

"ತಡೀಬ್ಯಾಡ," ಅಂದಳು. "ಕೊಟ್ಟೇವಿ ಅಂದ ಮ್ಯಾಲ ತಡದ್ರ ಈ ಮನ್ಯಾಗ ದೀಪಾ ಹಚ್ಚಾಕ ಯಾರೂ ಉಳಿಯೂದಿಲ್ಲ. ಒಯ್ಯಲಿ, ಅವ್ರ ಪೀಡಾ ಅವ್ರ ಒಯ್ಯಲಿ."

ರಾವಸಾಹೇಬ ಅಂಗಲಾಚಿದ, ಗದರಿದ, ಕೋರ್ಟು ಕಾನೂನು ಅಂದ. ಮುದುಕಿ ಜಗ್ಗಲಿಲ್ಲ. ಶಾಸ್ತ್ರ ತಪ್ಪಿದರೆ ಮನೆ ಹಾಳು ಅಂತ ಎಂಥ ಹೆದರಿಕೆ ಹುಟ್ಟಿಸಿ ನಮ್ಮನ್ನು ಇಷ್ಟು ಕಾಲ ಆ ಗೋಡೆಯೆದುರು ಅಳಿಸಿದರೋ, ಅದೇ ಹೆದರಿಕೆ ಈಗ ಅವರ ಕುತ್ತಿಗೆಗೇ ಸುತ್ತಿಕೊಂಡಿತ್ತು. ನನಗೆ ಅವಳ ಮೇಲೆ ಒಂದಿಷ್ಟೂ ಕನಿಕರ ಬರಲಿಲ್ಲ. ನಿತಿನ ಆಚೆ ಹೋಗಿ ಪೊಲೀಸರಿಗೆ ಫೋನು ಹಚ್ಚಿದ. ಅವರು ಬರುವುದರೊಳಗೆ ಆಗಬೇಕು ಅಂತ ಕೆಂಚವ್ವ ಖಣವನ್ನು ಆ ಕಲ್ಲಿಗೆ ಮುಟ್ಟಿಸಿ, ಪಕ್ಕಕ್ಕೆ ಸರಿದಳು.

ನಾನು ಏನೇ ಬಿಡಿಸಿ ಹೇಳಿದ್ದರೂ ಕೇರಿ ಕೆಡವಲು ಹೊರಟಿರಲಿಲ್ಲ, ಕೆಂಚವ್ವನ ಮಾತು ಹಿಡಿದೇ ಬಂದಿತ್ತು. ಕೆಂಚವ್ವ ಮೊದಲೇ ಎಲ್ಲರಿಗೂ ಹೇಳಿದ್ದಳು, ಮಗಳು ಬರುವಷ್ಟು ಬಾಗಿಲು ಮಾಡಿದರೆ ಸಾಕು ಅಂತ. ಗಂಡಸರು ಹಾರೆ ಹಾಕಿ ಕುಂಕುಮದ ಕಲ್ಲನ್ನು ಮೀಟಿದರು. ಅದರ ಹಿಂದೆ ಇನ್ನೊಂದು ಕಲ್ಲು, ಅದರ ಹಿಂದೆ ಬಿಗಿದು ತುಂಬಿದ ಮಣ್ಣು. ಆಮೇಲೆ ಕೆಂಚವ್ವ ಯಾರಿಗೂ ಸಲಿಕೆ ಮುಟ್ಟಲು ಬಿಡಲಿಲ್ಲ. ತಾನೇ ಮೊಣಕಾಲೂರಿ ಕೈಯಿಂದ ಮಣ್ಣು ತೆಗೆದಳು. ನಾನೂ ಕೂತೆ. ಮೊದಲು ಹಸಿರು ಬಳೆಯ ಚೂರು ಸಿಕ್ಕಿತು, ಆಮೇಲೆ ತಲೆಬುರುಡೆ, ಪಕ್ಕೆಲುಬು. ನಡುವಿನ ಎಲುಬಿನ ಹತ್ತಿರ ಬೆರಳ ಉದ್ದದ ಸಣ್ಣ ಸಣ್ಣ ಎಲುಬುಗಳಿದ್ದವು. ಕೆಂಚವ್ವ ಅವನ್ನು ಒಂದೊಂದಾಗಿ ಹೆಕ್ಕಿ ಖಣದಲ್ಲಿ ಇಟ್ಟುಕೊಂಡಳು. ಹೆಂಗಸರು ಅತ್ತರು, ಹಲಗೆ ನಿಂತಿತು.

ಕಾಲಿನ ಎಲುಬು ಎತ್ತಲು ಹೋದರೆ ಅದು ಬರಲಿಲ್ಲ. ಯಾವುದಕ್ಕೋ ಸಿಕ್ಕಿಕೊಂಡಿದೆ ಅಂತ ಉತ್ತಮ ಬಗ್ಗಿ ಮಣ್ಣು ಸರಿಸಿದ. ತುಕ್ಕು ತಿಂದ ಕಬ್ಬಿಣದ ಬಳೆ, ಅದಕ್ಕೆ ಸರಪಳಿ, ಸರಪಳಿಯ ತುದಿ ಒಳಗೋಡೆಯ ಕಲ್ಲಿಗೆ ಬಡಿದ ಗೂಟದಲ್ಲಿತ್ತು. ಇನ್ನೊಂದು ಕಾಲಿಗೂ ಹಾಗೆಯೇ ಇತ್ತು.

ಉತ್ತಮ ಸರಪಳಿ ಹಿಡಿದು ಜಗ್ಗಿದ. ಬರಲಿಲ್ಲ. ಮತ್ತೆ ಜಗ್ಗಿದ. ಅವನ ಕುತ್ತಿಗೆಯ ನರ ಉಬ್ಬಿದವು. ಮೇಡಂ ಹತ್ತಿರ ಬಂದು ಬಗ್ಗಿ ನೋಡಿದರು. ನಗುನಗುತ್ತ ಹೋದಳಂತೆ ಅಂತ ನಾನು ಅವರಿಗೆ ಹೇಳಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹಿಂದೆ ಸರಿದು, ಕಾರಿಗೆ ಒರಗಿ ನಿಂತರು. ಕಲ್ಲು ಅಲುಗಿಸಬೇಡಿ ಅಂತ ಮತ್ತೆ ಹೇಳಲಿಲ್ಲ.

ಕ್ಯಾಮರಾ ಅತ್ತ ತಿರುಗಿದ್ದನ್ನು ನೋಡಿ ರಾವಸಾಹೇಬ ಅದನ್ನು ಬಂದ್ ಮಾಡು ಅಂತ ಚೀರಿದ. ಯಾರೂ ಕೇಳಲಿಲ್ಲ. ಕೆಂಚವ್ವ ಕಾಲಿನ ಎಲುಬುಗಳನ್ನು ಬಳೆಯಿಂದ ಬಿಡಿಸಿ ತೆಗೆದು, ಖಣವನ್ನು ಗಂಟು ಕಟ್ಟಿ ಉಡಿಯಲ್ಲಿ ಇಟ್ಟುಕೊಂಡು ಎದ್ದಳು. ಅಳುತ್ತಿರಲಿಲ್ಲ.

"ಕೆಡವ್ರಿ," ಅಂದಳು.

ಮೊದಲ ಏಟು ಉತ್ತಮನದು. ಕೇಸಿಗೆ ಹೆದರಿ ಸವಳು ನೆಲಕ್ಕೆ ಹೋಗೋಣ ಅಂದವನು, ಗುದ್ದಲಿಯನ್ನು ಎರಡೂ ಕೈಲಿ ಎತ್ತಿ ಬುರುಜಿನ ಬುಡಕ್ಕೆ ಹೊಡೆದ. ಆಮೇಲೆ ಯಾರ ಏಟು ಯಾರದೋ ಗೊತ್ತಾಗಲಿಲ್ಲ. ಹೆಂಗಸರು ಹಾರೆ ಹಿಡಿದರು. ನಾನೂ ಹಿಡಿದೆ. ಸುಣ್ಣ ಹೊಡೆಸಿ ಮುಚ್ಚಿದ್ದ ಕೆಂಪು ಗುರುತಿನ ಮೇಲೇ ನನ್ನ ಮೊದಲ ಏಟು ಹಾಕಿದೆ. ಒಂದು ಏಟು ನಮ್ಮವ್ವನ ಸೆರಗಿಗೆ, ಒಂದು ಉತ್ತಮನ ಕಪಾಳಕ್ಕೆ, ಒಂದು ನಮ್ಮ ಹೊಲಕ್ಕೆ. ಆಮೇಲೆ ಹೆಸರಿಡುವುದನ್ನೂ ಬಿಟ್ಟೆ. ಬುಡದ ಸಾಲು ಹೋದಮೇಲೆ ಮೇಲಿನದು ತಾನೇ ಜಾರಿತು. ಓಡಿ ಅಂತ ಯಾರೋ ಕೂಗಿದರು. ನಾವು ಓಡಿದೆವು. ಇಡೀ ಬುರುಜು ರಸ್ತೆಯ ಕಡೆ ಕುಸಿದು ಬಿತ್ತು. ಧೂಳು ಎಷ್ಟೋ ಹೊತ್ತು ಇಳಿಯಲಿಲ್ಲ. ಎಂಜಿನಿಯರು ಅಳತೆಯ ಟೇಪು ಕೈಯಲ್ಲಿ ಹಿಡಿದು, ಬಿದ್ದ ಕಲ್ಲುಗಳ ಮೇಲಿಂದ ಆಚೆ ಕಾಣುವ ನೆಟ್ಟಗಿನ ದಾರಿಯನ್ನೇ ನೋಡುತ್ತಿದ್ದ.

ರಾವಸಾಹೇಬನ ಫೇಟಾ ಧೂಳಿನಿಂದ ಬೂದಿಬಣ್ಣವಾಗಿತ್ತು. ಅವನು ಬಾಯಿ ತೆರೆದು ಮುಚ್ಚುತ್ತಿದ್ದ. ಅದನ್ನು ನಾನು ನೋಡಿದೆ. ಕಣ್ತುಂಬ ನೋಡಿದೆ. ಆದರೆ ಅಂದುಕೊಂಡಂತೆ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಆ ಸಣ್ಣ ಎಲುಬುಗಳೇ ಕಣ್ಣ ಮುಂದೆ ಬಂದವು. ಹಾರೆ ಹಿಡಿದುಕೊಂಡೇ ಆಯಿಸಾಹೇಬಳ ಕುರ್ಚಿಯ ಎದುರು ಹೋಗಿ ನಿಂತೆ. ಅಷ್ಟು ಹತ್ತಿರ ನಮ್ಮಲ್ಲಿ ಯಾರೂ ಅವಳೆದುರು ಹೋಗಿ ನಿಂತದ್ದಿಲ್ಲ. ಆಳುಗಳು ನನ್ನನ್ನು ತಡೆಯಲಿಲ್ಲ.

"ಇದರಾಗ ನಮ್ಮಾಕಿ ಇದ್ಲು," ಅಂದೆ. "ಉಳದ ಮೂರ ಬುರಜಿನಾಗ ಯಾರದಾರ್ರಿ, ಆಯಿಸಾಹೇಬ?"

ಅವಳು ಮುಖ ತಿರುಗಿಸಿ ಪಡುವಣ ಬುರುಜಿನ ಕಡೆ ನೋಡಿದಳು, ನೋಡಬಾರದಿತ್ತು ಅನ್ನುವ ಹಾಗೆ ಥಟ್ಟನೆ ಕಣ್ಣು ಮುಚ್ಚಿಕೊಂಡಳು. ರಾವಸಾಹೇಬ ತನ್ನ ತಾಯಿಯನ್ನೇ ನೋಡುತ್ತ ನಿಂತ. ಅವನಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ನಮ್ಮ ಹಿಂದೆ ನೋಡಲು ಬಂದ ಮಂದಿ ಅದನ್ನೆಲ್ಲ ಕಂಡರು. ದೂರದಲ್ಲಿ, ಏಕಸಂಬಿಯ ಕಡೆಯಿಂದ, ಪೊಲೀಸು ಜೀಪಿನ ಸದ್ದು ಕೇಳಿಸಿತು. ಕೊರವರ ಓಣಿಯ ಮುದುಕನೊಬ್ಬ ತಲೆಯ ಮೇಲಿನ ಬುಟ್ಟಿಗಳನ್ನು ಇಳಿಸಿ ಪಕ್ಕಕ್ಕಿಟ್ಟ. ಮಂದಿಯನ್ನು ದಾಟಿಕೊಂಡು ನನ್ನ ಹತ್ತಿರ ಬಂದು, ಪಡುವಣ ಬುರುಜನ್ನೇ ನೋಡುತ್ತ ಕೈಚಾಚಿದ.

ನಾನು ಹಾರೆಯನ್ನು ಅವನ ಕೈಗೆ ಕೊಟ್ಟೆ.